ದುರ್ಯೋಧನಗ ಯಾಕ್ರಿ ಅಳೂದು?

"ತುಂಬಿದ ಸಭಾದಾಗ ಹೆಣಮಗಳ ಸೀರಿಗೆ ಕೈ ಹಾಕಿಸಿದಾಂವ. ಅಂಥಾವಗ ಯಾಕ್ರಿ ಮಾಸ್ತರ್ರ ಅಳಬೇಕು?"

ಗ್ವಾಡಿ ಆಚೆಯಿಂದ ಅಕ್ಕಾವರ ಪ್ರಶ್ನೆ. ಇಳಕಲ್ಲಿನಲ್ಲಿ ಸೀರೆಯ ಮಾತು ಬಂದರೆ ಯಾರೂ ಅದನ್ನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಅವರ ಮಗಳು ಪಿಯುಸಿ ಪುಸ್ತಕ ಹಿಡಿದು 'ದುರ್ಯೋಧನ ವಿಲಾಪ'ವನ್ನು ಗಟ್ಟಿಯಾಗಿ ಓದುತ್ತಿದ್ದಳು. ಅಕ್ಕಾವರು ರಾಟಿ ಮುಂದೆ ಕೂತು ಕಂಡಿಕಿ ಸುತ್ತುತ್ತ ಕೇಳುತ್ತಿದ್ದರು. ಯಾರೂ ಕೇಳದಿದ್ದರೂ ಅರ್ಥ ಹೇಳಲು ಹೋದವನು ನಾನು. ಪಿಂಚಣಿ ಬಂದರೂ ಮಾಸ್ತರಿಕೆ ಬಿಡುವುದಿಲ್ಲ ನೋಡಿ.

ಆ ವಿಲಾಪ ಬರೆದ ಕವಿ ರನ್ನ ನಮ್ಮ ಜಿಲ್ಲೆಯವನೇ. ಮುಧೋಳದ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದವನು. ವಿಲಾಪ ಬರುವ ಅವನ ಗದಾಯುದ್ಧ ಕಾವ್ಯಕ್ಕೆ ಸಾಹಸಭೀಮವಿಜಯ ಅಂತ ಇನ್ನೊಂದು ಹೆಸರಿದೆ. ಆಶ್ರಯ ಕೊಟ್ಟ ಚಾಲುಕ್ಯ ದೊರೆ ಸತ್ಯಾಶ್ರಯನೇ ಅದರಲ್ಲಿ ಭೀಮ. ಅಂದರೆ ಭೀಮನನ್ನು ಹೊಗಳುವುದು ಕವಿಯ ಕೆಲಸ. ಆದರೆ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಉಪ್ಪು ಒಬ್ಬನದು, ಕಣ್ಣೀರು ಇನ್ನೊಬ್ಬನಿಗೆ. ಸತ್ಯಾಶ್ರಯ ಇದನ್ನು ಹೇಗೆ ಸಹಿಸಿಕೊಂಡನೋ!

ಸಂಜಯನ ಜೊತೆ ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ನಡೆಯುತ್ತಾನೆ ದುರ್ಯೋಧನ. ದುಶ್ಶಾಸನನ ಹೆಣ ಸಿಗುತ್ತದೆ. ತಾಯಿಯ ಮೊಲೆಹಾಲನ್ನು ಮೊದಲು ಕುಡಿದವನು ನಾನು, ಆಮೇಲೆ ನೀನು. ಸಾಯುವಾಗ ಮಾತ್ರ ನೀನೇಕೆ ಮುಂದೆ ಹೋದೆ ಎಂದು ಅಳುತ್ತಾನೆ. ಮಗ ಲಕ್ಷಣಕುಮಾರನ ಮುಂದೆಯೂ ಅದೇ ಸಂಕಟ: ಅಪ್ಪನಿಗೆ ಮಗ ನೀರು ಬಿಡಬೇಕಿತ್ತು, ಈಗ ತಿರುವುಮುರುವಾಯಿತು. ಬಿ.ಎಂ.ಶ್ರೀ. ಇದನ್ನೇ ಹಿಡಿದು 1926ರಲ್ಲಿ 'ಗದಾಯುದ್ಧ ನಾಟಕಂ' ಮಾಡಿದರು, ದುರ್ಯೋಧನನನ್ನು ಗ್ರೀಕರ ರುದ್ರನಾಟಕದ ನಾಯಕರ ಸಾಲಿಗೆ ತಂದು ನಿಲ್ಲಿಸಿದರು.

ಇಷ್ಟೆಲ್ಲ ಹೇಳಿದ ಮೇಲೂ ಅಕ್ಕಾವರು ಕರಗಲಿಲ್ಲ.

"ತನ್ನ ತಮ್ಮ, ತನ್ನ ಮಗ. ಅವರಿಗೆ ಯಾರರ ಅಳತಾರ. ಮಂದಿ ಮಕ್ಕಳಿಗೆ ಅತ್ತಾನೇನ್ರಿ?"

"ಅತ್ತಾನ್ರಿ ಅಕ್ಕಾ. ಅಭಿಮನ್ಯುವಿನ ಹೆಣದ ಮುಂದ ಕೈ ಮುಗದು, ನಿನ್ನಂಥಾ ಸಾವು ನನಗೂ ಬರಲಿ ಅಂತಾನ."

"ಆರು ಮಂದಿ ಸುತ್ತಗಟ್ಟಿ ಕೊಂದ ಮ್ಯಾಲೆ! ಬಾಳ ದೊಡ್ಡ ಮನಸು ಬಿಡ್ರಿ."

ರಾಟಿ ಮತ್ತೆ ಗಿರ್ರನೆ ತಿರುಗಿತು. ಉತ್ತರಕ್ಕೆ ತಡಕಾಡುವಾಗ ಇರಾಕಿನ ಸರ್ವಾಧಿಕಾರಿ ಸದ್ದಾಂ ಹುಸೇನ್ ನೆನಪಾದ. 2006ರ ಡಿಸೆಂಬರ್ 30ರಂದು ಅವನನ್ನು ಗಲ್ಲಿಗೇರಿಸಿದರು. ಕೊರಳಿಗೆ ಹಗ್ಗ ಹಾಕುವುದನ್ನು ಟೀವಿಯಲ್ಲಿ ನೋಡಿ ನಮ್ಮ ಚಹಾದಂಗಡಿಯಲ್ಲಿ "ಪಾಪ" ಅಂದವರೇ ಹೆಚ್ಚು. ಆಮೇಲೆ ಕಳ್ಳತನದಲ್ಲಿ ಮೊಬೈಲಿನಲ್ಲಿ ಹಿಡಿದ ಚಿತ್ರ ಹೊರಬಿತ್ತು. ಸಾಯಲು ನಿಂತವನನ್ನು ಸುತ್ತಲಿದ್ದವರು ಹಂಗಿಸುವುದು ಅದರಲ್ಲಿ ಕೇಳುತ್ತಿತ್ತು. ಅವನ ವಕೀಲರಿಗೆ ಕೋರ್ಟಿನಲ್ಲಿ ಆಗದ ಕೆಲಸವನ್ನು ಆ ಹಂಗಿಸಿದವರು ಎರಡೇ ನಿಮಿಷದಲ್ಲಿ ಮಾಡಿಕೊಟ್ಟರು: ಕೊಂದವನು ದೊಡ್ಡವನಾಗಿ ಕಂಡ. ದುಜೈಲ್ ಎಂಬ ಊರಿನ 148 ಜನರನ್ನು ಕೊಲ್ಲಿಸಿದ್ದಕ್ಕೆ ಈ ಶಿಕ್ಷೆ. ನಮ್ಮ ಚಹಾದಂಗಡಿಯಲ್ಲಿ ಆ ಊರಿನ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ಕೊಂದವನಿಗೆ ಮುಖವಿತ್ತು, ಗಡ್ಡವಿತ್ತು, ಕರಿ ಕೋಟಿತ್ತು. ಸತ್ತವರ ಪಾಲಿಗೆ ಬಂದದ್ದು ಒಂದು ಅಂಕಿ. ಇದನ್ನೆಲ್ಲ ಅಕ್ಕಾವರಿಗೂ ಹೇಳಿದೆ.

"ನಮ್ಮ ಹಲಗಲಿ ಬ್ಯಾಡರನ್ನೂ ನೇಣಿಗೆ ಹಾಕಿದ್ರಲ್ರಿ," ಅಂದರು ಅಕ್ಕಾವರು. "ಅವರೇನ್ ಮಾಡಿದ್ರು? ಹತಾರ ಕೊಡಂಗಿಲ್ಲ ಅಂದ್ರು, ಅಷ್ಟ. ಅವರಿಗೆ ಅಳೂದು ಬ್ಯಾರೆ, ಇವಗ ಅಳೂದು ಬ್ಯಾರೆ."

ಖರೆ. 1857ರ ಡಿಸೆಂಬರಿನಲ್ಲಿ ಆ ಬೇಡರ ಮುಂದಾಳುಗಳನ್ನು ಬ್ರಿಟಿಷರು ನೇಣಿಗೇರಿಸಿದ್ದು ಇದೇ ರನ್ನನ ಮುಧೋಳದಲ್ಲಿ, ಉಳಿದವರನ್ನು ಹಲಗಲಿಯಲ್ಲಿ. ಆ ದುಃಖವನ್ನು ಲಾವಣಿ ಇವತ್ತಿಗೂ ಹೊತ್ತು ತಿರುಗುತ್ತದೆ. ಆ ಅಳುವಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ದುಷ್ಟನಿಗೆ ಅಳುವಾಗಲೇ ಲೆಕ್ಕ ಕೊಡಬೇಕಾಗುವುದು.

ರನ್ನ ಆ ಲೆಕ್ಕ ಕೊಟ್ಟಿದ್ದಾನೆ ಅಂತಲೇ ನನ್ನ ವಾದ. ದುರ್ಯೋಧನನಿಗಾಗಿ ಅಷ್ಟು ಅಳಿಸಿದರೂ ಭೀಮನ ಗದೆಯನ್ನು ಕವಿ ತಡೆಯುವುದಿಲ್ಲ. ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತವನನ್ನು ಭೀಮನ ಗರ್ಜನೆ ಮೇಲೆಬ್ಬಿಸುತ್ತದೆ, ತೊಡೆ ಮುರಿಯುತ್ತದೆ, ದ್ರೌಪದಿ ಮುಡಿ ಕಟ್ಟುತ್ತಾಳೆ. ಕನಿಕರ ಬಂತೆಂದು ತೀರ್ಪು ಒಂದಿಂಚೂ ಸರಿಯುವುದಿಲ್ಲ. ಇನ್ನೂ ಒಂದು ಮಾತು: ಕಾವ್ಯ ಶುರುವಾಗುವುದು ದುರ್ಯೋಧನನ ಅಳುವಿನಿಂದ ಅಲ್ಲ. ಬಿಚ್ಚಿದ ಮುಡಿಯ ದ್ರೌಪದಿ ಭೀಮನನ್ನು ಕೆಣಕುವ ಮಾತು ಮೊದಲು ಬರುತ್ತದೆ. ಅವಳ ಸಿಟ್ಟನ್ನು ಪೂರ್ತಿ ಕೇಳಿದ ಮೇಲೆಯೇ ಕವಿ ನಮ್ಮನ್ನು ಅವನ ಹತ್ತಿರ ಕರೆದೊಯ್ಯುತ್ತಾನೆ.

"ಹಂಗಂದ್ರ ಈ ಬುಕ್ಕಿನ್ಯಾಗ ಆಕಿ ಮಾತು ಎಲ್ಲೈತಿ?" ಅಂತ ಅಕ್ಕಾವರು ಮಗಳ ಕೈಯಿಂದ ಪುಸ್ತಕ ಇಸಿದುಕೊಂಡು ಹಾಳೆ ತಿರುವಿದರು. ಇರಲಿಲ್ಲ. ಪಠ್ಯ ಮಾಡಿದವರು ವಿಲಾಪವನ್ನಷ್ಟೇ ಆರಿಸಿ ಕೊಟ್ಟಿದ್ದಾರೆ.

ನಿಮ್ಮ ಮನೆಯಲ್ಲೂ ಪಿಯುಸಿ ಓದುವ ಮಕ್ಕಳಿದ್ದರೆ ಲೈಬ್ರರಿಯಿಂದ ಇಡೀ ಗದಾಯುದ್ಧ ತಂದುಕೊಡಿ. ಮೊದಲು ದ್ರೌಪದಿಯ ಮಾತು ಓದಲಿ. ದುರ್ಯೋಧನನಿಗೆ ಆಮೇಲೆ ಎಷ್ಟು ಬೇಕಾದರೂ ಅಳಲಿ.