ಬ್ರಹ್ಮವೂ ಬೀಡಿ ಲೆಕ್ಕವೂ

ಅದ್ವೈತಿಯ ಕಷ್ಟ ಅದ್ವೈತಿಗೇ ಗೊತ್ತು. ಬೆಳಿಗ್ಗೆ ಐದಕ್ಕೆದ್ದು ‘ನಾನು ಈ ದೇಹವಲ್ಲ’ ಎಂದು ಮನನ ಮಾಡುವ ಜಯನಗರದ ಗೃಹಸ್ಥನಿಗೆ ಆರಕ್ಕೆಲ್ಲ ಮಂಡಿನೋವು ಶುರು. ಹಾಲು ತರಲು ಹೋಗಿ ನಂದಿನಿಯ ಹಸಿರು ಪ್ಯಾಕೆಟ್ ಬದಲು ನೀಲಿ ತಂದರೆ, ಎಲ್ಲವೂ ಒಂದೇ ಎಂಬ ವಾದ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಆಮೇಲೆ ಕಾಫಿ ನೀರಾಗಿದೆ ಎಂದು ಗೊಣಗುವವನೂ ಅವನೇ. ‘ನಾನು ಕರ್ತೃವಲ್ಲ’ ಎಂಬ ಸತ್ಯವಂತೂ ಮಹಡಿಯ ಟ್ಯಾಂಕ್ ತುಂಬಿ ಬೀದಿಗೆ ಹರಿಯುವಾಗ, ಮೋಟಾರ್ ಆಫ್ ಮಾಡುವ ಸರದಿ ತನ್ನದೇ ಆಗಿದ್ದಾಗ, ಅವನಿಗೆ ಥಟ್ಟನೆ ಹೊಳೆಯುತ್ತದೆ.

ಇಂಥವನಿಗೆ ಆಗಾಗ ಹಿಮಾಲಯದ ಕನಸು ಬೀಳುವುದು ಸಹಜ. ಮುಂಬೈಯ ಬೀಡಿ ವ್ಯಾಪಾರಿ ಮಾರುತಿ ಕಾಂಬಳಿಗೂ ಬಿದ್ದಿತ್ತು. 1933ರಲ್ಲಿ ಗೆಳೆಯನೊಬ್ಬ ಅವರನ್ನು ಸಿದ್ಧರಾಮೇಶ್ವರ ಮಹಾರಾಜರ ಬಳಿಗೆ ಕರೆದೊಯ್ದ. 1936ರಲ್ಲಿ ಗುರುಗಳು ತೀರಿಕೊಂಡರು. ಮರುವರ್ಷ ಕಾಂಬಳಿ ಹೆಂಡತಿ ಮಕ್ಕಳು, ಅಂಗಡಿ ಎಲ್ಲ ಬಿಟ್ಟು ಹೊರಟೇಬಿಟ್ಟರು. ಆದರೆ ಕೆಲವು ತಿಂಗಳು ಕಳೆದ ಮೇಲೆ ಮನೆಗೇ ಮರಳಿದರು. ಮತ್ತೆ ಅದೇ ಗಲ್ಲಿ, ಅದೇ ಬೀಡಿ. ಜಗತ್ತು ಅವರನ್ನು ನಿಸರ್ಗದತ್ತ ಮಹಾರಾಜ್ ಎಂದು ಅರಿತದ್ದು ಎಷ್ಟೋ ವರ್ಷಗಳ ನಂತರ.

ಖೇತ್‌ವಾಡಿಯ ಹತ್ತನೇ ಗಲ್ಲಿಯ ಆ ಮನೆಗೆ ಬಂದವರು ಕಡಿದಾದ ಮೆಟ್ಟಿಲು ಹತ್ತಿ ಪುಟ್ಟ ಅಟ್ಟದಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂರಬೇಕಿತ್ತು. ಮಹಾರಾಜರು ಗುರುಗಳ ಪಟ ಒರೆಸಿ, ಅಗರಬತ್ತಿ ಹಚ್ಚಿ, ಆಮೇಲೆ ಬೀಡಿ ಹಚ್ಚಿ, ಮರಾಠಿಯಲ್ಲಿ ಬ್ರಹ್ಮದ ಮಾತಿಗೆ ಇಳಿಯುತ್ತಿದ್ದರು. ಎರಡೂ ಹೊಗೆ ಬೆರೆತು ತಾರಸಿ ಮುಟ್ಟುವಷ್ಟರಲ್ಲಿ ಯಾವುದು ಯಾವುದೋ ತಿಳಿಯದಂತಾಗುತ್ತಿದ್ದಿರಬೇಕು. ಪುಸ್ತಕದ ಪಾಂಡಿತ್ಯ ತೋರಿಸಲು ಹೊರಟವರಿಗೆ ಗದರಿಕೆಯೂ ಸಿಗುತ್ತಿತ್ತು. ಜ್ಞಾನಿಗೆ ಸಿಟ್ಟು ಬರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಬೇಕಾದವರು ಅಲ್ಲಿ ಕೇಳಬೇಕಾಗಿಯೇ ಇರಲಿಲ್ಲ.

ನಿಸರ್ಗದತ್ತರ ಗುರುಪರಂಪರೆಯ ಬೇರು ನಮ್ಮ ವಿಜಯಪುರ ಜಿಲ್ಲೆಯ ಇಂಚಗೇರಿಯಲ್ಲಿದೆ. ಭಾವುಸಾಹೇಬ ಮಹಾರಾಜರ ಮಠ ಅದು. ಅಲ್ಲಿ ಉಪದೇಶ ಪಡೆದ ಸಿದ್ಧರಾಮೇಶ್ವರರು ವಿಜಯಪುರದಲ್ಲಿ ಮಾರವಾಡಿ ವ್ಯಾಪಾರಿಯೊಬ್ಬರ ಲೆಕ್ಕ ಬರೆಯುತ್ತಿದ್ದವರು. ಎರಡಿಲ್ಲ ಎಂದು ಸಾರಿದವರ ಖಾತೆಪುಸ್ತಕದಲ್ಲಿ ಜಮಾ ಒಂದು ಕಡೆ, ಖರ್ಚು ಇನ್ನೊಂದು ಕಡೆ. ಅವೆರಡೂ ಒಂದೇ ಎಂದಿದ್ದರೆ ಮಾರವಾಡಿ ಸುಮ್ಮನಿರುತ್ತಿದ್ದನೇ?

ತಿರುವಣ್ಣಾಮಲೈಯಲ್ಲಿಯೂ ಲೌಕಿಕದಿಂದ ವಿನಾಯಿತಿ ಇರಲಿಲ್ಲ. ರಮಣ ಮಹರ್ಷಿಗಳು ನಸುಕಿನಲ್ಲೇ ಎದ್ದು ಆಶ್ರಮದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ನೆಲಕ್ಕೆ ಬಿದ್ದ ಅಕ್ಕಿಕಾಳನ್ನು ಹೆಕ್ಕಿ ಡಬ್ಬಿಗೆ ಹಾಕುತ್ತಿದ್ದರು. ತಮ್ಮ ಎಲೆಗೆ ಉಳಿದವರಿಗಿಂತ ಒಂದು ಚಮಚ ಹೆಚ್ಚು ಬಿದ್ದರೂ ಬಡಿಸಿದವನಿಗೆ ಶಾಸ್ತಿ! ಜಗತ್ತು ಮಿಥ್ಯೆಯಾದರೂ ಪಂಕ್ತಿಭೇದ ಮಾತ್ರ ನಡೆಯುವಂತಿರಲಿಲ್ಲ.

ರಮಣರನ್ನೂ ನಿಸರ್ಗದತ್ತರನ್ನೂ ಹತ್ತಿರದಿಂದ ಕಂಡವನು ಮಾರಿಸ್ ಫ್ರೀಡ್ಮನ್ ಎಂಬ ಪೋಲೆಂಡಿನ ಯಹೂದಿ ಎಂಜಿನಿಯರ್. ಮೂವತ್ತರ ದಶಕದಲ್ಲಿ ಬೆಂಗಳೂರಿಗೆ ಬಂದು ಮೈಸೂರು ಸರ್ಕಾರದ ವಿದ್ಯುತ್ ಕಾರ್ಖಾನೆ ನಡೆಸಿದವನು. ಸಂನ್ಯಾಸ ತೆಗೆದುಕೊಂಡ ಮೇಲೂ ಕಾರ್ಖಾನೆ ಬಿಡಲಿಲ್ಲ. ಕಾವಿಯಲ್ಲೇ ಕೆಲಸಕ್ಕೆ ಬರುತ್ತಿದ್ದನಂತೆ, ಅದು ದಿವಾನ್ ಮಿರ್ಜಾ ಇಸ್ಮಾಯಿಲರಿಗೆ ಅಷ್ಟೇನೂ ಹಿಡಿಸಲಿಲ್ಲವಂತೆ. ನಿಸರ್ಗದತ್ತರ ಮಾತುಗಳನ್ನು ಇಂಗ್ಲಿಷಿಗೆ ತಂದು 1973ರಲ್ಲಿ ‘ಐ ಆಮ್ ದಟ್’ ಪುಸ್ತಕ ಮಾಡಿದವನೂ ಇವನೇ. ಅದನ್ನೋದಿದ ವಿದೇಶಿಯರು ಖೇತ್‌ವಾಡಿಯ ಆ ಅಟ್ಟವನ್ನು ಹುಡುಕಿಕೊಂಡು ಬಂದರು.

ನಮ್ಮ ಜಯನಗರದವನ ತಲೆದಿಂಬಿನ ಪಕ್ಕದಲ್ಲೂ ಈಗ ಅದೇ ಪುಸ್ತಕವಿದೆ. ತಪ್ಪೇನಿಲ್ಲ, ಧಾರಾಳವಾಗಿ ಓದಲಿ. ಅದರಲ್ಲಿರುವುದು ಮೆಟ್ಟಿಲು ಹತ್ತಿ ಬಂದು ಕೇಳಿದವರಿಗೆ ಕೊಟ್ಟ ಉತ್ತರಗಳು ಎಂಬುದೊಂದು ನೆನಪಿದ್ದರೆ ಸಾಕು. ಹೆಂಡತಿ ಕೇಳಿದ್ದು ಗ್ಯಾಸ್ ಬುಕ್ ಮಾಡಿದಿರಾ ಎಂದು. ದಯವಿಟ್ಟು ಅದಕ್ಕೆ ಮೊದಲು ಉತ್ತರ ಕೊಡಿ.