ನಾನು ದಪ್ಪಗಿದ್ದೀನಿ ಅಂತಲೇ ಬರ್ಕೊಳ್ಳಿ

ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಬಿರುದು ಇನ್ನೂ ಇದೆ. ಎಣ್ಣೆ ಮಿಲ್ಲುಗಳು ಅಷ್ಟಿಲ್ಲ. ಉಳಿದಿರುವ ಒಂದರ ಹಿಂಭಾಗದಲ್ಲಿ, ಶೇಂಗಾ ಹೊಟ್ಟಿನ ಗುಡ್ಡೆಯ ಪಕ್ಕ, ತಗಡಿನ ಮಾಡಿನ ಕೆಳಗೆ ಈ ಹಿರಿಯರ ವಾಸ. ಊರು ಹೇಳಬಹುದು, ಮಿಲ್ಲಿನ ಹೆಸರು ಮಾತ್ರ ಕೂಡದು ಎಂಬ ಷರತ್ತಿನ ಮೇಲೆ ಬಾಯ್ಲರ್ ಮಹಾಶಯರು ಮಾತಿಗೆ ಒಪ್ಪಿದರು. ಹಣೆಯಲ್ಲಿ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಸೇಫ್ಟಿ ವಾಲ್ವಿಗೆ ಒಣಗಿದ ಚೆಂಡುಹೂವಿನ ಸರ. ಆಗಾಗ ನಿಟ್ಟುಸಿರು ಬಿಡುವ ಸ್ವಭಾವದವರಾದ್ದರಿಂದ ನಾವು ನಾಲ್ಕು ಮಾರು ದೂರದಲ್ಲೇ ಕೂತೆವು.

ನಾವು: ಯಜಮಾನ್ರೇ, ಆರೋಗ್ಯ ಹೇಗಿದೆ?

ಬಾಯ್ಲರ್: ಭೇಷಾಗಿದೆ ತಮ್ಮಾ. ಹೋದ ವರ್ಷ ನನ್ನ ಗೋಡೆ 10.1 ಮಿಲಿಮೀಟರ್ ಇತ್ತು, ಈ ವರ್ಷ 10.3 ಆಗೈತೆ. ಈ ವಯಸ್ಸಲ್ಲಿ ಯಾರು ಬೆಳೀತಾರೆ ಹೇಳು? ಸಾಹುಕಾರ್ರು ರಿಪೋರ್ಟಿಗೆ ಕಟ್ಟು ಹಾಕಿಸಿ ಲಕ್ಷ್ಮಿ ಫೋಟೋ ಪಕ್ಕ ನೇತುಹಾಕಿದಾರೆ.

ನಾವು: ಕಬ್ಬಿಣ ಬೆಳೆಯೋದುಂಟಾ?

ಬಾಯ್ಲರ್: ಕಬ್ಬಿಣ ಬೆಳೆಯಲ್ಲ, ಅಳತೆ ಬೆಳೆಯುತ್ತೆ. ಹೋದ ವರ್ಷ ಬೆಂಕಿ ಆರಿಸಿ, ಮೈ ತಣ್ಣಗಾದ ಮೇಲೆ ಅಳೆದ್ರು. ಈ ಸಲ ಸೀಸನ್ನು. ಒಲೆ ನಿಲ್ಲಿಸೋಕೆ ಸಾಹುಕಾರ್ರಿಗೆ ಮನಸ್ಸು ಬರಲಿಲ್ಲ. ‘ಓಡ್ತಾ ಇರ್ಲಿ, ಹಂಗೇ ನೋಡ್ಕೊಂಡು ಹೋಗಪ್ಪ’ ಅಂದ್ರು.

ನಾವು: ಅಳೆಯೋದು ಹೇಗೆ? ನಿಮ್ಮೊಳಗೆ ಟೇಪು ಹಿಡಿಯೋಕಾಗಲ್ಲವಲ್ಲ.

ಬಾಯ್ಲರ್: ಶೇಂಗಾ ಕಾಯನ್ನ ಕಿವಿ ಹತ್ರ ಅಲ್ಲಾಡಿಸಿ ಬೀಜ ತುಂಬಿದೆಯೋ ಜೊಳ್ಳೋ ಅಂತ ಹೇಳೋರು ಈ ಮಾರ್ಕೆಟ್ಟಲ್ಲಿ ಬೇಕಾದಷ್ಟು ಜನ ಅವ್ರೆ. ಇದೂ ಅಂಥದೇ ವಿದ್ಯೆ. ನನ್ನನ್ನ ಅಲ್ಲಾಡಿಸೋಕಾಗಲ್ಲ, ಅದಕ್ಕೇ ಸದ್ದನ್ನೇ ಒಳಗೆ ಕಳಿಸ್ತಾರೆ, ಮನುಷ್ಯರ ಕಿವಿಗೆ ಕೇಳಿಸದ ಸದ್ದು. ಉಕ್ಕಿನೊಳಗೆ ಅದು ಸೆಕೆಂಡಿಗೆ ಸುಮಾರು 5,900 ಮೀಟರ್ ಓಡುತ್ತೆ. ಗೋಡೆಯ ಒಳಮೈಗೆ ಬಡಿದು ವಾಪಸ್ ಬರೋ ಹೊತ್ತು ಲೆಕ್ಕ ಹಾಕಿದ್ರೆ ದಪ್ಪ ಸಿಕ್ತು. ಸೆಕೆಂಡನ್ನ ಹತ್ತು ಲಕ್ಷ ಪಾಲು ಮಾಡು. 10 ಮಿಲಿಮೀಟರ್ ಗೋಡೆಗೆ ಹೋಗಿ ಬರೋಕೆ ಅದರಲ್ಲಿ ಮೂರೂವರೆ ಪಾಲೂ ಬೇಡ.

ಆದ್ರೆ ಬಿಸಿ ಉಕ್ಕಲ್ಲಿ ಸದ್ದಿಗೆ ಸೋಮಾರಿತನ. ಶಾಖ 55 ಡಿಗ್ರಿ ಏರಿದ್ರೆ ಓಟ ಹೆಚ್ಚುಕಮ್ಮಿ ಶೇ 1ರಷ್ಟು ಇಳಿಯುತ್ತೆ. 10 ಕೆ.ಜಿ. ಪ್ರೆಷರಲ್ಲಿ ನನ್ನ ಮೈ 185 ಡಿಗ್ರಿ ಆಸುಪಾಸು. ತಣ್ಣನೆ ತುಂಡಿನ ಮೇಲೆ ಹೊಂದಿಸಿಕೊಂಡು ಬಂದ ಮೀಟರಿಗೆ ಇದೇನು ಗೊತ್ತು? ಸದ್ದು ತಡವಾಗಿ ಬಂತು, ಹಂಗಾದ್ರೆ ಗೋಡೆ ದಪ್ಪ ಇರ್ಬೇಕು ಅಂದ್ಕೊಳ್ಳುತ್ತೆ. ನಿಜವಾಗಿ ಇದ್ದದ್ದು 10. ಬರೆದದ್ದು 10.3.

ನಾವು: ಬರೀ 0.3 ತಾನೆ, ಬಿಡಿ.

ಬಾಯ್ಲರ್: ವರ್ಷಕ್ಕೆ 0.1 ಸವೆಯೋನಿಗೆ ಅದು ಮೂರು ವರ್ಷದ ಆಯಸ್ಸು. ನಿನ್ನ ಬ್ಯಾಂಕ್ ಪಾಸ್‌ಬುಕ್ಕಲ್ಲಿ ಇಲ್ಲದ ದುಡ್ಡು ಬರೆದುಕೊಟ್ರೆ ಬಿಡ್ತೀಯಾ? (ನಕ್ಕರು. ಗೇಜ್ ಗ್ಲಾಸಿನಲ್ಲಿ ನೀರು ಕುಣಿಯಿತು.)

ನಾವು: ಅಳೆಯೋಕೆ ಬಂದವರು ಯಾರು?

ಬಾಯ್ಲರ್: ಕಾಂಟ್ರಾಕ್ಟರ್ ಕಡೆ ಹುಡುಗ. ಪಾಪ, ಒಳ್ಳೆಯವನು. ತಗಡು ಬಿಚ್ಚಿ, ಗ್ಲಾಸ್‌ವುಲ್ ಸರಿಸಿ, ಅಂಗೈಯಗಲ ಜಾಗ ಉಜ್ಜಿ ಜೆಲ್ ಹಚ್ಚಿದ. ಚುಂಯ್ ಅಂತ ಹಾರಿಹೋಯ್ತು. ಇನ್ನೊಂದ್ಸಲ ಹಚ್ಚಿದ, ಮತ್ತೆ ಚುಂಯ್. ಮಧ್ಯೆ ಗಾಳಿ ಇದ್ರೆ ಸದ್ದು ದಾಟಲ್ಲ, ಅದಕ್ಕೇ ಆ ಲೇಪ. ಮೂರನೇ ಸಲ ಹಚ್ಚಿ, ಆರೋದರೊಳಗೆ ಪ್ರೋಬ್ ಒತ್ತಿ, ಕಂಡ ಅಂಕಿ ಬರ್ಕೊಂಡು, ಬೆರಳು ಊದಿಕೊಂಡ. ಸಾಮಾನ್ಯ ಪ್ರೋಬಿಗೆ 50 ಡಿಗ್ರಿ ದಾಟಿದ್ರೇ ಕಷ್ಟ. ಬಿಸಿಗಂತಲೇ ಮಾಡಿದ ಪ್ರೋಬ್ ಇದೆ, 500 ಡಿಗ್ರಿ ತನಕ ತಡೆಯೋದೂ ಇದೆ. ಅದನ್ನೂ ಕೆಲವೇ ಸೆಕೆಂಡ್ ತಾಗಿಸಿ, ತೆಗೆದು ಆರಿಸಬೇಕು. ಬಿಸಿಗೆ ಲೇಪವೂ ಬೇರೆ. ಬೆಲೆ ಕೇಳಿ ಸಾಹುಕಾರ್ರಿಗೆ ನನಗಿಂತ ಜಾಸ್ತಿ ಪ್ರೆಷರ್ ಬಂತು.

ಇಲ್ಲೇ ಆಚೆ ಕಾವಲಲ್ಲಿ ಡಿಆರ್‌ಡಿಒದವರು ಪೈಲಟ್ ಇಲ್ಲದೆ ವಿಮಾನ ಹಾರಿಸ್ತಾರೆ. ಈಚೆ ಥರ್ಮಾಮೀಟರ್ ಇಲ್ಲದೆ ಬಾಯ್ಲರ್ ಅಳೀತಾರೆ. ಒಂದೇ ತಾಲ್ಲೂಕು, ನೋಡು.

ನಾವು: ಬಿಸಿ ಬಿಟ್ಟರೆ ಮೀಟರ್ ನಂಬಬಹುದಾ?

ಬಾಯ್ಲರ್: ಆಯುಧಪೂಜೆಗೆ ಬಣ್ಣ ಬಳೀತಾರಲ್ಲ, ಅದನ್ನ ಕೆರೆಯದೆ ಅಳೆದ್ರೆ ಬಣ್ಣವೂ ಉಕ್ಕಿನ ಲೆಕ್ಕಕ್ಕೆ ಜಮಾ. ಬಣ್ಣದಲ್ಲಿ ಸದ್ದು ಇನ್ನೂ ನಿಧಾನ, ಹಂಗಾಗಿ ಬಣ್ಣದ ದಪ್ಪದ ಎರಡು-ಮೂರು ಪಟ್ಟು ಸೇರುತ್ತೆ. ಇನ್ನು ಟ್ಯೂಬು ಹಪ್ಪಳದಷ್ಟಾಗಿದ್ರೆ ಕೆಲವು ಮೀಟರು ಮೊದಲ ಪ್ರತಿಧ್ವನಿ ಬಿಟ್ಟು ಎರಡನೇದನ್ನ ಹಿಡಿದು ದಪ್ಪ ದುಪ್ಪಟ್ಟು ತೋರಿಸ್ತವೆ. ತೀರಾ ಸವೆದವನಿಗೇ ಜಾಸ್ತಿ ಮಾರ್ಕ್ಸು!

ನಾವು: ಅಂದರೆ ಎಲ್ಲ ತಪ್ಪೂ ಸಾಹುಕಾರರ ಪರ?

ಬಾಯ್ಲರ್: ಒಂದು ಬಿಟ್ಟು. ತಗಡಿನ ನಡುವೆ ಹುಟ್ಟಿನಿಂದಲೇ ಪದರ ಬಿಟ್ಟಿದ್ರೆ ಸದ್ದು ಅಲ್ಲಿಂದಲೇ ವಾಪಸ್. ದಪ್ಪ ಅರ್ಧ ಅಂತ ತೋರಿಸುತ್ತೆ. ಆಗ ಮಾತ್ರ ಎಲ್ಲರೂ ‘ಮೀಟರ್ ಕೆಟ್ಟಿದೆ’ ಅಂತಾರೆ.

ನಾವು: ದೊಡ್ಡ ಕಂಪನಿಗಳಲ್ಲಿ ಹೀಗಿರಲಿಕ್ಕಿಲ್ಲ.

ಬಾಯ್ಲರ್: ರಿಫೈನರಿಗಳು ವರ್ಷಗಟ್ಟಲೆ ಬೆಂಕಿ ಆರಿಸಲ್ಲ, ಬಿಸಿಯಲ್ಲೇ ಅಳೀಬೇಕು, ಶಾಖದ ಲೆಕ್ಕ ಕಳೆದು ಅಳೀತಾರೆ. ಆದ್ರೂ 2012ರ ಆಗಸ್ಟಲ್ಲಿ ಅಮೆರಿಕದ ರಿಚ್ಮಂಡಲ್ಲಿ ಶೆವ್ರಾನ್‌ನವರ ಒಂದು ಪೈಪು ಗಂಧಕದ ತುಕ್ಕಿಗೆ ಸವೆದು ಒಡೀತು. ಅವರು ಅಳೀತಿದ್ದದ್ದು ಬಾಗಿದ ಕಡೆ, ಒಡೆದದ್ದು ನೆಟ್ಟಗಿದ್ದ ತುಂಡು. ಹೊಗೆ ಕುಡಿದು ಆಸ್ಪತ್ರೆಗೆ ಓಡಿದವರು ಸುಮಾರು 15,000 ಜನ.

ನಾವು: ನಮ್ಮಲ್ಲಿ ಕಾನೂನು ಇದೆಯಲ್ಲ?

ಬಾಯ್ಲರ್: ಕಾನೂನು ಹುಟ್ಟಿದ್ದೇ ಸದ್ದಿನಿಂದ. 1863ರಲ್ಲಿ ಕಲ್ಕತ್ತದಲ್ಲಿ ನಮ್ಮವನೊಬ್ಬ ಸಿಡಿದು ಜನ ಸತ್ತರು. ಮರುವರ್ಷವೇ ಬಂಗಾಳದಲ್ಲಿ ತಪಾಸಣೆ ಕಾಯ್ದೆ. ಆಮೇಲೆ ದೇಶಕ್ಕೆಲ್ಲ 1923ರದ್ದು, ಈಗ 2025ರಲ್ಲಿ ಹೊಸದು. ವರ್ಷಕ್ಕೊಮ್ಮೆ ಇಲಾಖೆ ಸಾಹೇಬ್ರು ಬಂದು ಒಳಗೆ ಇಣುಕ್ತಾರೆ, ತಣ್ಣೀರು ತುಂಬಿಸಿ ಒತ್ತಡ ಹಾಕಿಸ್ತಾರೆ. ನನಗೆ ಅವರ ಮೇಲೆ ಗೌರವ. ಉಳಿದ ದಿನ ನನ್ನನ್ನ ಕಾಯೋದು ವಿಭೂತಿ.

ನಾವು: ನಿಮ್ಮನ್ನು ತಿನ್ನುತ್ತಿರೋದು ಯಾವುದು? ಬೆಂಕಿಯೇ?

ಬಾಯ್ಲರ್: ಬೆಂಕಿ ಅಲ್ಲಪ್ಪ, ರಜೆ! ಈ ಸೀಮೆಯ ಬೋರ್‌ವೆಲ್ ನೀರು ಮೊದಲೇ ಗಡಸು. ಸಾಫ್ಟ್‌ನರಿಗೆ ಉಪ್ಪು ಹಾಕೋದ್ರಲ್ಲಿ ಉಳಿತಾಯ ಮಾಡಿದ್ರೆ ಟ್ಯೂಬಿನೊಳಗೆ ಸುಣ್ಣ ಕಟ್ಟುತ್ತೆ. ಅದು ಒಂದು. ಸೀಸನ್ ಮುಗಿದ ಮೇಲೆ ಹೊಟ್ಟೆಯಲ್ಲಿ ಅರ್ಧ ನೀರು ಬಿಟ್ಟು ಬೀಗ ಹಾಕ್ಕೊಂಡು ಹೋಗ್ತಾರಲ್ಲ, ಅದು ದೊಡ್ಡದು. ನೀರೂ ಗಾಳಿಯೂ ಸೇರೋ ಗೆರೆಯಲ್ಲೇ ತುಕ್ಕು ಗುಳಿ ತೋಡುತ್ತೆ. ಗುಳಿ ಇರೋದು ಒಂದು ಕಡೆ, ಪ್ರೋಬ್ ಇಡೋದು ಎರಡು ಇಂಚು ಆಚೆ.

ನಾವು: ಮೊಳಕಾಲ್ಮೂರಲ್ಲಿ ನೆಂಟರಿದ್ದಾರಂತೆ?

ಬಾಯ್ಲರ್: ರೇಷ್ಮೆಗೆ ಬಣ್ಣ ಕಾಯಿಸೋ ಹಂಡೆಗಳು. ಬಾಯಿ ತೆರೆದೇ ಇರ್ತಾವೆ, ಹೊಟ್ಟೆಯಲ್ಲಿ ಒತ್ತಡ ಇಟ್ಕೊಳ್ಳಲ್ಲ, ಅದಕ್ಕೇ ಅವಕ್ಕೆ ಬಾಯ್ಲರ್ ಕಾನೂನೂ ಇಲ್ಲ, ಭಯಾನೂ ಇಲ್ಲ. ನಮ್ಮ ವಂಶದ ಹಿರಿಯರೂ ಆ ತಾಲ್ಲೂಕಿನವರೇ. ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಸಾಹೇಬ್ರು ಅಗೆದಾಗ ಕಲ್ಲು ಗೋರಿಗಳಲ್ಲಿ ಕಬ್ಬಿಣದ ಸಾಮಾನು ಸಿಕ್ಕವು. ಅಲ್ಲೇ ಬಂಡೆ ಮೇಲೆ ಅಶೋಕ ಬರೆಸಿದ್ದನ್ನ ಇವತ್ತಿಗೂ ಓದಬಹುದು. ಕಬ್ಬಿಣಕ್ಕೆ ಆ ಭಾಗ್ಯ ಇಲ್ಲ ತಮ್ಮಾ, ನಮ್ಮನ್ನ ಅಳೀತಾನೇ ಇರಬೇಕು.

ನಾವು: ಕೊನೆಯದಾಗಿ, ಮಿಲ್ಲಿನವರಿಗೆ ಏನು ಹೇಳ್ತೀರಿ?

ಬಾಯ್ಲರ್: ರಿಜಿಸ್ಟರಲ್ಲಿ ದಪ್ಪದ ಕಾಲಮ್ಮಿನ ಪಕ್ಕ ಶಾಖಕ್ಕೊಂದು ಕಾಲಂ ಹಾಕಿ. ಅಳೆಯೋ ಜಾಗಕ್ಕೆ ಪಂಚ್ ಗುರುತು ಹೊಡೆದು ಪ್ರತಿ ಸಲ ಅಲ್ಲೇ ಅಳೀರಿ, ಅನುಮಾನ ಬಂದ ಕಡೆ ಸುತ್ತಲೂ ಅಳೀರಿ. ಸೀಸನ್ ಮುಗಿದ ಮೇಲೆ ನೀರು ಪೂರ್ತಿ ಬಸಿದು, ಒಣಗಿಸಿ, ಒಳಗೆ ಸುಟ್ಟ ಸುಣ್ಣದ ತಟ್ಟೆ ಇಟ್ಟು ಮುಚ್ಚಿ. ಹೋದ ವರ್ಷಕ್ಕಿಂತ ಈ ವರ್ಷ ನಾನು ದಪ್ಪ ಆಗಿದೀನಿ ಅಂತ ರಿಪೋರ್ಟ್ ಬಂದ್ರೆ, ದಯವಿಟ್ಟು ಸಹಿ ಹಾಕಬೇಡಿ.