ರಬ್ಬರಿಗೆ ಬಾಯಿ ಬಂದರೆ

ಕೇಳಿದ್ರಾ ರಾಯರೇ, ಜಪಾನಿನಲ್ಲಿ ಒಂದು ರಬ್ಬರ್ ಕಾಮಿಕ್ಕಿನ ಹೀರೋ ಆಗಿದೆಯಂತೆ. ಟೈರಿನ ರಬ್ಬರ್ ಅಲ್ಲ, ಪೆನ್ಸಿಲ್ ಗೀಟು ಅಳಿಸ್ತೀವಲ್ಲ, ಅದು. ಹೆಸರು ಕೆಶಿಕಸು ಕುನ್. ಉಜ್ಜಿದ ಮೇಲೆ ಡೆಸ್ಕಿನ ಮೇಲೆ ಉಳಿಯೋ ಕಸ ಇದೆಯಲ್ಲ, ಅದೇ ಅವನ ಹೆಸರು. ಕಸಪ್ಪ ಅಂತಿಟ್ಕೊಳ್ಳಿ. ಪಾಪ, ಕಂಪಾಸ್ ಬಾಕ್ಸಿನ ಪೆನ್ಸಿಲ್ಲು ಇವನ ಕಾಟಕ್ಕೆ ಸಿಕ್ಕಿ ಒದ್ದಾಡುತ್ತೆ. ಬರೆದವರು ಮುರಾಸೆ ನೊರಿಯುಕಿ. ಬಂದದ್ದು ಕೊರೊಕೊರೊ ಕಾಮಿಕ್ ಅನ್ನೋ ಮಾಸಿಕದಲ್ಲಿ. ಶೋಗಾಕುಕಾನ್ ಪ್ರಕಾಶನದವರು 1977ರಲ್ಲಿ ಪ್ರೈಮರಿ ಸ್ಕೂಲ್ ಹುಡುಗರಿಗೇ ಅಂತ ಶುರುಮಾಡಿದ, ಇಟ್ಟಿಗೆಯಷ್ಟು ದಪ್ಪದ ಪುಸ್ತಕ ಅದು.

ನಗ್ತೀರಾ? ನಮ್ಮ ಕಡೆ ಇದೇ ರಬ್ಬರ್ ಯಾರ ಕೈಗಾದರೂ ಸಿಕ್ಕಿದ್ದರೆ ತ್ಯಾಗದ ಮೇಲೆ ಒಂದು ಪಾಠ ಆಗಿರೋದು. ಪರರ ತಪ್ಪು ತಿದ್ದುತ್ತಾ ತಾನು ಸವೆಯಿತು, ಮಕ್ಕಳೇ ಇದರಿಂದ ನೀವು ಕಲಿತ ನೀತಿಯೇನು, ಎರಡು ಅಂಕ! ಅವರು ನೋಡಿ, ಅದನ್ನು ಪುಂಡ ಮಾಡಿ ಬಿಟ್ಟುಬಿಟ್ರು. ನನ್ನ ಕೇಳಿದರೆ ಅವರದೇ ಸರಿ. ಪಾಠ ನಡೀತಿರುವಾಗ ಮೇಷ್ಟ್ರ ಕಣ್ಣು ತಪ್ಪಿಸಿ ಆಡೋಕೆ ರಬ್ಬರಿನಷ್ಟು ಒದಗೋ ಸಾಮಾನು ಇನ್ನೊಂದಿದೆಯಾ?

ಅಲ್ಲಿನ ಹುಡುಗರಂತೂ ಇದರಲ್ಲಿ ಪಂಡಿತರು. ಡೆಸ್ಕಿನ ಅಂಚಲ್ಲಿ ರಬ್ಬರ್ ಇಟ್ಟು, ಬೆರಳಲ್ಲಿ ಚಿಮ್ಮಿ, ಎದುರಾಳಿಯದನ್ನು ಕೆಳಕ್ಕೆ ಬೀಳಿಸೋ ಆಟವೇ ಇದೆ. 1970ರ ದಶಕದ ಕೊನೆಯಲ್ಲಿ ಲ್ಯಾಂಬೊರ್ಗಿನಿ ತರದ ಕಾರುಗಳ ಹುಚ್ಚು ಹಿಡಿದಾಗ ಆ ಕಾರುಗಳ ಆಕಾರದ ಪುಟಾಣಿ ರಬ್ಬರ್ ಬಂದವು. ಅವನ್ನು ಓಡಿಸೋಕೆ ಬೆರಳಲ್ಲ, ಮಿತ್ಸುಬಿಶಿ ಪೆನ್ಸಿಲ್ ಕಂಪನಿಯವರ ಬಾಕ್ಸಿ ಬಾಲ್‌ಪೆನ್ನು. ಪೆನ್ನಿನ ಹಿಂದಿನ ಗುಂಡಿ ಒಳಕ್ಕೊತ್ತಿ, ಕಾರಿನ ಬೆನ್ನಿಗಿಟ್ಟು, ಪಕ್ಕದ ಬಟನ್ ಅದುಮಿದರೆ ಸ್ಪ್ರಿಂಗು ಟಕ್ ಅಂತ ಹೊಡೀತು, ಕಾರು ಹಾರಿತು! ಆಮೇಲೆ 1983ರಲ್ಲಿ ಕುಸ್ತಿ ಪೈಲ್ವಾನರ ರಬ್ಬರ್ ಗೊಂಬೆ. ಕಿನ್ನಿಕುಮಾನ್ ಅನ್ನೋ ಕಾಮಿಕ್ಕಿನ ಪಾತ್ರಗಳು, ಮೆಷಿನ್ನಿಗೆ ಕಾಸು ಹಾಕಿ ಹಿಡಿಕೆ ತಿರುಗಿಸಿದರೆ ಉದುರೋವು. ಅದರಿಂದ ಅಳಿಸೋಕೆ ಹೋದರೆ ಹಾಳೆಯೇ ಕೊಳೆ. ಯಾರೂ ಅಳಿಸೋಕೆ ಅಂತ ಕೊಂಡಿರಲಿಲ್ಲ ಬಿಡಿ. ಇಂಥ ಹುಡುಗರೇ ದೊಡ್ಡವರಾಗಿರೋ ಊರಲ್ಲಿ ಕಸಪ್ಪ ಹುಟ್ಟದೆ ಇನ್ನೆಲ್ಲಿ ಹುಟ್ತಾನೆ?

ಸಾಮಾನಿಗೆ ಜೀವ ಬರೋದು ಅವರಿಗೆ ಹೊಸದೂ ಅಲ್ಲ. ನೂರು ವರ್ಷ ಬಾಳಿದ ಪಾತ್ರೆ ಪಗಡಕ್ಕೆ ಆತ್ಮ ಸೇರುತ್ತೆ ಅನ್ನೋ ನಂಬಿಕೆ ಇದೆ. ತ್ಸುಕುಮೊಗಾಮಿ ಅಂತಾರೆ. ವರ್ಷದ ಕೊನೆಯ ಧೂಳು ಹೊಡೆಯೋ ಹೊತ್ತಲ್ಲಿ ಬೀದಿಗೆಸೆದ ಹಳೇ ಸಾಮಾನೆಲ್ಲ ಸಿಟ್ಟಿಗೆದ್ದು ಮನುಷ್ಯರ ಮೇಲೆ ಸೇಡು ತೀರಿಸ್ಕೊಳ್ಳೋ ಕತೆಯ ಚಿತ್ರಸುರುಳಿಗಳೇ ಉಂಟು. ಆದರೆ ನೂರು ವರ್ಷ ಬಾಳೋ ರಬ್ಬರ್ ಯಾವ ಮಗುವಿನ ಹತ್ತಿರ ಇರುತ್ತೆ ರಾಯರೇ? ಸೋಮವಾರ ಕೊಡಿಸಿದ್ದು ಗುರುವಾರ ಇರಲ್ಲ. ಅದಕ್ಕೇ ಇರಬೇಕು, ಇವನಿಗೆ ಆ ನಿಯಮದಿಂದ ವಿನಾಯಿತಿ.

ಇನ್ನೊಂದು ಹೇಳ್ತೀನಿ, ಅಮ್ಮಾವ್ರಿಗೂ ಹೇಳಿ. ಅಲ್ಲಿನ ಮಕ್ಕಳು ಮನಸ್ಸಿಗೆ ಹಿಡಿದವರ ಹೆಸರನ್ನು ಹೊಸ ರಬ್ಬರಿನ ಮೇಲೆ ಬರೆದು, ಅದರ ಕಾಗದದ ಕವಚ ಮುಚ್ಚಿಡ್ತಾರೆ. ಯಾರ ಕಣ್ಣಿಗೂ ಬೀಳದೆ ಅದು ಪೂರ್ತಿ ಸವೆದರೆ ಪ್ರೀತಿ ಕೈಗೂಡುತ್ತಂತೆ. ಮಾತಾಡದ ರಬ್ಬರಾದರೆ ಸರಿ. ಕಸಪ್ಪನ ಮೈಮೇಲೆ ಬರೆದು ನೋಡಿ, ಪ್ರಾರ್ಥನೆ ಮುಗಿಯೋದ್ರೊಳಗೆ ಇಡೀ ಸ್ಕೂಲಿಗೆ ಡಂಗುರ ಹೊಡೆದಿರ್ತಾನೆ.